ಹದಿನಾಲ್ಕು ಸೋಮವಾರಗಳ ಅಳತೆ

“ಮೇಷ್ಟ್ರೇ, ಜನರ ಫೋನಿನಿಂದಲೇ ಬಂದ ಅಳತೆ ಚೆನ್ನಾಗಿದ್ದರೆ, ನಮ್ಮ ಪುಟದಿಂದ ಯಾರಿಗೂ ತೊಂದರೆಯಿಲ್ಲ ಎಂದು ನಿಶ್ಚಿಂತೆಯಾಗಿ ಇರಬಹುದಲ್ಲವೇ?”

ಕೇಳಿದವಳು ಸುಧಾಮಣಿ. ಮೇಷ್ಟ್ರ ಮನೆಯ ಮುಂದಿನ ಕೋಣೆಗೆ ಕೋಡ್ ಬರೆಯುವುದನ್ನು ಕಲಿಯಲು ಬರುತ್ತಿದ್ದ ಐದಾರು ಮಂದಿಯಲ್ಲಿ ಅವಳು ಎಲ್ಲರಿಗಿಂತ ಚುರುಕು. ಒಂದು ಗ್ರಂಥಾಲಯದ ವೆಬ್ ಪುಟವನ್ನು ಅವಳೇ ಕಟ್ಟಿದ್ದಳು. ಪುಟ ತೆರೆಯುವವರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅವರವರ ಫೋನಿನಲ್ಲೇ ಅಳೆದು ತಿಳಿಸುವ ಕೋಡನ್ನೂ ಅದಕ್ಕೆ ಸೇರಿಸಿದ್ದಳು. ಒಂದು ತಿಂಗಳ ಅಳತೆ ಬಂದಿತ್ತು. ಗ್ರಾಫಿನ ತುಂಬ ಹಸಿರು ಚುಕ್ಕಿ. ಅದನ್ನು ಮೇಷ್ಟ್ರಿಗೆ ತೋರಿಸಲೆಂದೇ ಆ ಸೋಮವಾರ ಉಳಿದವರಿಗಿಂತ ಮೊದಲು ಬಂದಿದ್ದಳು.

ಮೇಷ್ಟ್ರು ಗ್ರಾಫನ್ನು ನೋಡಿದರು. ಗೋಡೆಯ ಗಡಿಯಾರವನ್ನೂ ನೋಡಿದರು. ಒಂಬತ್ತೂ ಕಾಲು. ಸೋಮವಾರ ಹತ್ತು ಗಂಟೆಗೆ ಅವರು ಪಾಠ ನಿಲ್ಲಿಸಿ, ಕಿಟಕಿಯ ಬಳಿ ಹೋಗಿ, ಐದು ನಿಮಿಷ ಫೋನು ಹಿಡಿದು ನಿಲ್ಲುತ್ತಿದ್ದರು. ಆ ಹೊತ್ತಿನಲ್ಲಿ ಯಾರೂ ಅವರನ್ನು ಮಾತಾಡಿಸುತ್ತಿರಲಿಲ್ಲ. ಏಕೆಂದು ಯಾರೂ ಕೇಳಿಯೂ ಇರಲಿಲ್ಲ.

“ಇನ್ನೂ ಮುಕ್ಕಾಲು ಗಂಟೆ ಇದೆ. ಕೂತುಕೋ,” ಎಂದರು ಮೇಷ್ಟ್ರು. “ಉತ್ತರ ಹೇಳುವುದಿಲ್ಲ. ಕತೆ ಹೇಳುತ್ತೇನೆ.”

ಒಬ್ಬ ಎಂಜಿನಿಯರ್ ಇದ್ದ. ಬುದ್ಧಿವಂತ. ಬುದ್ಧಿವಂತ ಎಂದು ಅವನಿಗೂ ಗೊತ್ತಿತ್ತು, ತೊಂದರೆ ಶುರುವಾಗುವುದೇ ಅಲ್ಲಿ. ಒಂದು ಸೆರೆಮನೆಗೆ ವೆಬ್ ಪುಟ ಕಟ್ಟಿಕೊಡುವ ಕೆಲಸ ಅವನ ಪಾಲಿಗೆ ಬಂತು. ಒಳಗಿರುವವರನ್ನು ನೋಡಲು ಬರುವ ಮನೆಯವರು ಮೊದಲೆಲ್ಲ ಬೆಳಗಿನ ಜಾವದಿಂದ ಬಾಗಿಲ ಮುಂದೆ ಸಾಲು ನಿಲ್ಲುತ್ತಿದ್ದರು. ಸಾಲು ಬೇಡ, ಎಲ್ಲವೂ ಪುಟದಲ್ಲೇ ಆಗಲಿ ಎಂದು ಇಲಾಖೆ ತೀರ್ಮಾನಿಸಿತು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಪುಟ ತೆರೆಯುತ್ತದೆ. ಮೊದಲು ಕೇಳಿದ ನಲವತ್ತು ಮಂದಿಗೆ ಆ ವಾರದ ಗುರುವಾರ ಭೇಟಿ. ಕೈದಿಯ ನಂಬರು, ನೋಡಲು ಬರುವವರ ಹೆಸರು, ಇಷ್ಟು ಬರೆದರೆ ಸಾಕು. ಆದರೆ ಆ ಹೆಸರು ಕೈದಿ ತಾನೇ ಬರೆಸಿಕೊಟ್ಟ ಪಟ್ಟಿಯಲ್ಲಿ ಇರಬೇಕು. ತನ್ನನ್ನು ಯಾರು ನೋಡಬಹುದು, ಯಾರು ನೋಡಬಾರದು ಎನ್ನುವುದೊಂದು ಮಾತ್ರ ಒಳಗಿದ್ದವನ ಕೈಯಲ್ಲಿ ಉಳಿದಿರುವ ಅಧಿಕಾರ.

ಎಂಜಿನಿಯರ್ ಪುಟ ಕಟ್ಟಿದ. ಪುಟ ಬೇಗ ತೆರೆಯುತ್ತದೋ ಇಲ್ಲವೋ ಎಂದು ಎಲ್ಲರೂ ತಮ್ಮ ಕಚೇರಿಯ ಕಂಪ್ಯೂಟರಿನಲ್ಲಿ ನೋಡಿ ಸುಮ್ಮನಾಗುತ್ತಾರೆ. ಇವನು ಹಾಗೆ ಮಾಡಲಿಲ್ಲ. ಪುಟದೊಳಗೇ ಅಳೆಯುವ ಕೋಡ್ ಇಟ್ಟ. ಯಾರು ತೆರೆದರೂ ಅವರ ಫೋನಿನಲ್ಲಿ ಎಷ್ಟು ಸೆಕೆಂಡು ಹಿಡಿಯಿತೆಂದು ಆ ಕೋಡ್ ಅವನಿಗೆ ತಿಳಿಸಬೇಕು. ಅಳೆಯುವ ಕ್ರಮವನ್ನೂ ಒಂದು ಕಾನ್ಫಿಗ್ ಫೈಲಿನಲ್ಲಿ ಬರೆದು, ಪುಟದ ಕೋಡಿನ ಜೊತೆಯಲ್ಲೇ ಇಟ್ಟ. ಯಾರೋ ಎಲ್ಲೋ ಒಂದು ಗುಂಡಿ ಒತ್ತಿ ಅದನ್ನು ಗುಟ್ಟಾಗಿ ಬದಲಿಸುವಂತಿಲ್ಲ. ಬದಲಿಸಿದರೆ ಯಾರು, ಯಾವಾಗ, ಏಕೆ ಎಂಬುದೆಲ್ಲ ಉಳಿದುಕೊಳ್ಳುತ್ತದೆ. ಒಳ್ಳೆಯ ಪದ್ಧತಿ. ನಾನೂ ನಿಮಗೆ ಅದನ್ನೇ ಕಲಿಸಿದ್ದೇನೆ.

ಆ ಫೈಲಿನಲ್ಲಿ ಕೆಲವೇ ಸಾಲು. ನೂರು ಮಂದಿ ಬಂದರೆ ನೂರು ಮಂದಿಯದನ್ನೂ ಅಳೆ ಎಂದು ಒಂದು ಸಾಲು. ಬೇರೆಯವರು ನೂರರಲ್ಲಿ ಹತ್ತನ್ನು ಅಳೆದು ಕೈ ತೊಳೆದುಕೊಳ್ಳುವ ಕಾಲ ಅದು. ಹೆಸರು ತೆಗೆದುಕೊಳ್ಳಬೇಡ, ನಂಬರು ತೆಗೆದುಕೊಳ್ಳಬೇಡ, ಯಾವ ತಾಲೂಕು, ಎಂಥ ಫೋನು ಎನ್ನುವಷ್ಟು ಸಾಕು ಎಂದು ಇನ್ನೊಂದು. ಸೆರೆಮನೆಗೆ ಹೋಗಿಬರುವವರ ಮಾನವನ್ನು ಅವನು ಕಾಪಾಡಿದ. ಕೊನೆಯ ಸಾಲು, ಅಳತೆಯನ್ನು ಯಾವಾಗ ಕಳಿಸಬೇಕು ಎಂಬುದು. ಪುಟ ಪೂರ್ತಿ ತೆರೆದ ಮೇಲೆ ಕಳಿಸು ಎಂದು ಬರೆದ. ಕಾರಣವನ್ನೂ ಪಕ್ಕದಲ್ಲೇ ಬರೆದಿಟ್ಟ. ಅರ್ಧ ತೆರೆದ ಪುಟದ ಅಳತೆಯನ್ನು ನಂಬುವಂತಿಲ್ಲ ಎಂದು.

ಜೊತೆಯವನೊಬ್ಬ ಓದಿ ನೋಡಿದ. “ಸರಿಯಿದೆ,” ಎಂದ. ಸುಧಾಮಣಿ, ನೀನು ಓದಿದ್ದರೂ ಸರಿಯಿದೆ ಎನ್ನುತ್ತಿದ್ದೆ.

ಒಂದು ವರ್ಷ ಎಲ್ಲ ಚೆನ್ನಾಗಿ ನಡೆಯಿತು. ದೂರದ ಊರುಗಳಿಂದ ಪುಟ ತೆರೆಯುವವರಿಗೆ ಹತ್ತು ಹನ್ನೆರಡು ಸೆಕೆಂಡು ಹಿಡಿಯುತ್ತಿತ್ತು. ಗ್ರಾಫಿನಲ್ಲಿ ಅವರು ಕೆಂಪು ಚುಕ್ಕಿಗಳು. ಹತ್ತಿರದವರು ಹಸಿರು. ಕೆಂಪು ಕಂಡಾಗಲೆಲ್ಲ ಅವನು ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಕೋಡ್ ತಿದ್ದಿ ಹಗುರ ಮಾಡುತ್ತಿದ್ದ. ಮೆಚ್ಚಬೇಕಾದ್ದೇ.

ಆಮೇಲೆ ಇಲಾಖೆಗೆ ತನ್ನ ಪುಟ ತೀರ ಬೋಳಾಗಿದೆ ಎನ್ನಿಸಿತು. ಚಿತ್ರ ಹಾಕಿ ಎಂದರು. ಸೆರೆಮನೆಯ ಹೆಬ್ಬಾಗಿಲಿನ ಚಿತ್ರ. ಕೈದಿಗಳು ಮರಗೆಲಸ ಮಾಡುವ ಚಿತ್ರ. ಎಲ್ಲಕ್ಕೂ ಮೇಲೆ ಮಂತ್ರಿಗಳ ನಗುಮುಖ. ಆ ಮುಖವೊಂದೇ ಉಳಿದ ಇಡೀ ಪುಟಕ್ಕಿಂತ ಭಾರವಾಗಿತ್ತು. ಚಿಕ್ಕದು ಮಾಡುತ್ತೇನೆ ಎಂದು ಎಂಜಿನಿಯರ್ ಕೇಳಿಕೊಂಡ. ಮಂತ್ರಿಗಳನ್ನು ಚಿಕ್ಕದು ಮಾಡಲು ಯಾರೂ ಒಪ್ಪಲಿಲ್ಲ. ಹಾಕಿದ.

ಇನ್ನು ಕೆಂಪು ಹೆಚ್ಚುತ್ತದೆ, ಅದನ್ನು ತೋರಿಸಿ ಚಿತ್ರ ತೆಗೆಸುತ್ತೇನೆ ಎಂದುಕೊಂಡು ಅವನು ಗ್ರಾಫಿನ ಮುಂದೆ ಕೂತ. ಮೊದಲ ಸೋಮವಾರ ಕೆಂಪು ಕಡಿಮೆಯಾಯಿತು. ಎರಡನೆಯ ಸೋಮವಾರ ಇನ್ನೂ ಕಡಿಮೆಯಾಯಿತು. ನಾಲ್ಕನೆಯ ವಾರಕ್ಕೆ ಗ್ರಾಫು ಪೂರ್ತಿ ಹಸಿರು. ನೂರರಲ್ಲಿ ತೊಂಬತ್ತೈದು ಮಂದಿಗೆ ಪುಟ ಮೂರು ಸೆಕೆಂಡಿನೊಳಗೆ ತೆರೆಯುತ್ತಿತ್ತು.

ಅವನಿಗೆ ಆಶ್ಚರ್ಯವಾಯಿತು. ಆದರೆ ಸಂತೋಷ ತಂದುಕೊಡುವ ಆಶ್ಚರ್ಯವನ್ನು ಯಾರು ತಾನೇ ಕೆದಕುತ್ತಾರೆ? ತಾನು ಹಿಂದೆ ಮಾಡಿದ ತಿದ್ದುಪಡಿಗಳೆಲ್ಲ ಈಗ ಕೈಗೂಡಿದವು ಎಂದುಕೊಂಡ. ಅಳತೆ ಕಳಿಸುವವರ ಸಂಖ್ಯೆ ಇಳಿದಿತ್ತು. ಅದನ್ನೂ ಕಂಡ. ಭೇಟಿಯ ನಲವತ್ತು ಜಾಗ ಮೊದಲು ಅರ್ಧ ಗಂಟೆಯಲ್ಲಿ ತುಂಬುತ್ತಿದ್ದವು, ಈಗ ಸಂಜೆಯಾದರೂ ಹತ್ತು ಹನ್ನೆರಡು ಖಾಲಿ ಉಳಿಯುತ್ತಿದ್ದವು. ಏಕೆ ಹೀಗೆ ಎಂದು ಸೆರೆಮನೆಯ ಅಧಿಕಾರಿ ಫೋನು ಮಾಡಿ ಕೇಳಿದರು.

“ಪುಟದಲ್ಲಿ ಏನೂ ತೊಂದ್ರೆ ಇಲ್ಲ ಸರ್. ಜನಕ್ಕೇ ಬರೋ ಮನಸ್ಸಿಲ್ಲವೇನೋ,” ಎಂದ ಎಂಜಿನಿಯರ್.

ಅವನು ಆಡಿದ ಮಾತುಗಳಲ್ಲೆಲ್ಲ ಅದಕ್ಕಿಂತ ಕ್ರೂರವಾದದ್ದು ಬೇರೆ ಇಲ್ಲ. ಆಡುವಾಗ ಅವನಿಗೆ ಹಾಗೆ ಅನ್ನಿಸಲಿಲ್ಲ. ಅಧಿಕಾರಿಗೂ ಅನ್ನಿಸಲಿಲ್ಲ. ಅವರಿಗೆ ಗ್ರಾಫು ಬಹಳ ಹಿಡಿಸಿತು. ಅದನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಕೆಳಗೆ ‘ಭೇಟಿ ಕಾದಿರಿಸುವುದು ಈಗ ಬಲು ಸುಲಭ, ಪುಟ ತೆರೆಯಲು ಮೂರೇ ಸೆಕೆಂಡು’ ಎಂದು ಬರೆಸಿ, ಭೇಟಿಯ ಕೋಣೆಯ ಹೊರಗಿನ ಗೋಡೆಗೆ ಅಂಟಿಸಿದರು. ಆ ಗೋಡೆಯ ಎದುರಿಗೆ ಒಂದು ಉದ್ದನೆಯ ಬೆಂಚು ಇತ್ತು. ಗುರುವಾರ ಕೈದಿಗಳು ತಮ್ಮ ಹೆಸರು ಕೂಗುವವರೆಗೆ ಕೂರುವುದು ಆ ಬೆಂಚಿನ ಮೇಲೆ.

ಆ ಬೆಂಚಿನ ಮೇಲೆ ಕೂರುತ್ತಿದ್ದವರಲ್ಲಿ ಒಬ್ಬ ತಮ್ಮನಿದ್ದ. ಅವನು ಮಾಡಿದ ತಪ್ಪೇನು ಎಂದು ಕೇಳಬೇಡ. ಶಿಕ್ಷೆ ಉದ್ದವಾಗಿತ್ತು, ಅಷ್ಟು ಸಾಕು. ಅವನಿಗೆ ಒಬ್ಬಳು ಅಕ್ಕ. ತಾಯಿ ತೀರಿಹೋದಾಗ ಅವನಿಗೆ ಮೂರು ವರ್ಷ. ಅವನನ್ನು ಎತ್ತಿ ಆಡಿಸಿ ಸಾಕಿದವಳು ಆ ಅಕ್ಕ. ಅವನು ಬರೆಸಿದ ಪಟ್ಟಿಯಲ್ಲಿ ಇದ್ದದ್ದು ಅವಳ ಹೆಸರೊಂದೇ.

ಅಕ್ಕನ ಊರು ಗುಡ್ಡದ ಮೇಲೆ. ಹದಿನೇಳು ಮನೆ. ಊರಿನಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಊರಿನ ಆಚೆ ಒಂದು ಬಂಡೆಯಿದೆ. ಅದರ ನೆತ್ತಿಗೆ ಹತ್ತಿ, ಮೂಡಲಿಗೆ ತಿರುಗಿ ನಿಂತರೆ ಸಿಗ್ನಲ್ ಬರುತ್ತದೆ. ಮೊದಲ ವರ್ಷ ಅವಳು ಹದಿನೈದು ದಿನಕ್ಕೊಂದು ಸೋಮವಾರ ಬಂಡೆ ಹತ್ತಿ, ಹನ್ನೆರಡು ಸೆಕೆಂಡು ಕಾದು, ಭೇಟಿ ಕಾದಿರಿಸಿ, ಗುರುವಾರ ಎರಡು ಬಸ್ಸು ಬದಲಿಸಿ ಬಂದು ತಮ್ಮನನ್ನು ನೋಡಿ ಹೋಗುತ್ತಿದ್ದಳು. ತಮ್ಮ ಒಳಗಿನಿಂದ ಫೋನು ಮಾಡಬಹುದಾಗಿತ್ತು. ಮಾಡಿದರೆ ಅದು ರಿಂಗಾಗುವುದು ಬಂಡೆಯ ಮೇಲೆ ಮಾತ್ರ, ದಿನವೆಲ್ಲ ಬಂಡೆಯ ಮೇಲೆ ಕೂತಿರಲು ಅವಳಿಗೆ ಎಲ್ಲಿ ಬಿಡುವು? ಅವಳಿಗೆ ಓದಲು ಬರುತ್ತಿತ್ತು, ನಾಲ್ಕಕ್ಷರ ಒತ್ತಲೂ ಬರುತ್ತಿತ್ತು. ಕಾಗದ ಬರೆಯಲು ಕೈ ಓಡುತ್ತಿರಲಿಲ್ಲ. ಸೆರೆಮನೆಗೆ ಕಾಗದ ಬರೆದುಕೊಡಿ ಎಂದು ಊರಿನಲ್ಲಿ ಯಾರನ್ನಾದರೂ ಕೇಳಲು ಅವಳಿಗೆ ನಾಚಿಕೆ.

ಹೀಗಾಗಿ ಅಕ್ಕ ತಮ್ಮಂದಿರ ನಡುವೆ ಇದ್ದದ್ದು ಆ ಒಂದು ಪುಟ.

ಹದಿನಾಲ್ಕು ಗುರುವಾರ ತಮ್ಮ ಸ್ನಾನ ಮಾಡಿ, ತಲೆ ಬಾಚಿ, ಒಗೆದ ಅಂಗಿ ಹಾಕಿಕೊಂಡು ಬೆಂಚಿನ ಮೇಲೆ ಕೂತ. ಪಕ್ಕದವರ ಹೆಸರು ಕೂಗಿದರು. ಅವರು ಎದ್ದು ಒಳಗೆ ಹೋದರು, ಅತ್ತು ಬಂದರು, ಹಣ್ಣು ತಂದರು. ಇವನಿಗೂ ಒಂದು ಬಾಳೆಹಣ್ಣು ಕೊಟ್ಟರು. ಇವನ ಹೆಸರನ್ನು ಯಾರೂ ಕೂಗಲಿಲ್ಲ. ಸಂಜೆ ನಾಲ್ಕಕ್ಕೆ ಬೆಂಚು ಖಾಲಿಯಾಗುತ್ತಿತ್ತು. ಅಲ್ಲಿಯವರೆಗೆ ಅವನು ಎದುರಿನ ಗೋಡೆಯನ್ನು ಓದುತ್ತಿದ್ದ. ಓದಲು ಅಲ್ಲಿ ಬೇರೆ ಏನೂ ಇರಲಿಲ್ಲ. ಮೂರೇ ಸೆಕೆಂಡು.

ಹದಿನಾಲ್ಕನೆಯ ಗುರುವಾರ ಎಂಜಿನಿಯರ್ ಏನೋ ಕೆಲಸದ ಮೇಲೆ ಸೆರೆಮನೆಗೆ ಬಂದ. ಬಾಗಿಲ ಹೊರಗೆ, ಬಿಸಿಲಿನಲ್ಲಿ, ಒಬ್ಬಳು ಹೆಂಗಸು ನಿಂತಿದ್ದಳು. ಕೈಯಲ್ಲೊಂದು ಚೀಲ, ಗಾಜು ಬಿರುಕು ಬಿಟ್ಟ ಹಳೆಯ ಫೋನು. ಪುಟದಲ್ಲಿ ಕಾದಿರಿಸದವರನ್ನು ಬಿಡುವಂತಿಲ್ಲ ಎಂದು ಕಾವಲಿನವನು ಮೂರನೆಯ ಸಲ ಹೇಳುತ್ತಿದ್ದ. ಒರಟಾಗಿ ಹೇಳಲಿಲ್ಲ. ನಿಯಮ ಅದು, ಪಾಪ, ಅವನೇನು ಮಾಡುತ್ತಾನೆ?

“ಪುಟದಲ್ಲಿ ಕೇಳಬಹುದಿತ್ತಲ್ಲಮ್ಮ? ಮೂರು ಸೆಕೆಂಡಿನ ಕೆಲಸ,” ಎಂದ ಎಂಜಿನಿಯರ್.

“ಸೋಮಾರ ಸೋಮಾರ ಬಂಡೆ ಹತ್ತೀನಿ ಸ್ವಾಮಿ,” ಎಂದಳು ಅವಳು. “ಕೈಯ ಮ್ಯಾಲಕ್ಕೆ ಹಿಡ್ಕಂಡು ನಿಂತ್ಕತೀನಿ. ಮೊದ್ಲು ಯಾರ್ದೋ ಹಣೆ ಬತ್ತದೆ. ಕಣ್ಣು ಬರಕಿಲ್ಲ. ಅಲ್ಗೆ ನಿಂತೋಯ್ತದೆ.”

“ಎಷ್ಟು ಹೊತ್ತು ಕಾಯ್ತೀರಿ?”

“ಬ್ಯಾಟ್ರಿ ಇರೋಗಂಟ.”

“ಎಷ್ಟು ವಾರದಿಂದ ಹೀಗೆ?”

“ಇವತ್ತಿಗೆ ಹದಿನಾಲ್ಕು. ಮೂರು ಗಂಟೆ ಬಸ್ಸಿಗೆ ಹೋಗ್ನಿಲ್ಲ ಅಂದ್ರೆ ಗುಡ್ಡದ ಬಸ್ಸು ಸಿಕ್ಕಕಿಲ್ಲ. ಒಂದ್ ಸಲ ಮೊಕ ನೋಡ್ಕಬುಡ್ತೀನಿ ಸ್ವಾಮಿ, ಬುಡಕೇಳಿ.”

ಬಿಡಿಸಲು ಅವನಿಗೆ ಅಧಿಕಾರವಿರಲಿಲ್ಲ. ಅಧಿಕಾರಿ ಆ ದಿನ ರಜೆಯಲ್ಲಿದ್ದರು. ಅವಳು ಮೂರು ಗಂಟೆಯವರೆಗೆ ನಿಂತು, ಚೀಲವನ್ನು ಹಾಗೆಯೇ ಹಿಡಿದುಕೊಂಡು ಹೊರಟುಹೋದಳು. ಬಾಗಿಲಿನಿಂದ ಬೆಂಚಿಗೆ ಅರವತ್ತು ಹೆಜ್ಜೆ ಇರಬಹುದು. ತಮ್ಮ ನಾಲ್ಕು ಗಂಟೆಯವರೆಗೂ ಅಲ್ಲೇ ಕೂತಿದ್ದ.

ಎಂಜಿನಿಯರ್ ಕಚೇರಿಗೆ ಹೋಗಿ ಹದಿನಾಲ್ಕು ಸೋಮವಾರಗಳ ಅಳತೆಯನ್ನು ತೆಗೆದ. ಆ ಗುಡ್ಡದ ತಾಲೂಕಿನಿಂದ, ಅಂಥ ಹಳೆಯ ಫೋನಿನಿಂದ ಬಂದ ಚುಕ್ಕಿಗಳನ್ನು ಹುಡುಕಿದ. ಹಸಿರಿಲ್ಲ, ಕೆಂಪೂ ಇಲ್ಲ. ಬ್ಯಾಟರಿ ಮುಗಿಯುವವರೆಗೆ ಬಂಡೆಯ ಮೇಲೆ ಕೈಯೆತ್ತಿ ನಿಂತವಳ ಗುರುತು ಅವನ ಲೆಕ್ಕದಲ್ಲಿ ಒಂದು ಸಾಸಿವೆಯಷ್ಟೂ ಇರಲಿಲ್ಲ. ಆಗ ಕಾನ್ಫಿಗ್ ಫೈಲು ತೆರೆದು ತಾನೇ ಬರೆದ ಕೊನೆಯ ಸಾಲನ್ನು ಓದಿದ. ಪುಟ ಪೂರ್ತಿ ತೆರೆದ ಮೇಲೆ ಕಳಿಸು.

ಯಾರಿಗೆ ಪುಟ ತೆರೆಯಲಿಲ್ಲವೋ ಅವರು ಅಳತೆಯನ್ನು ಕಳಿಸಲೇ ಇಲ್ಲ. ಮಂತ್ರಿಗಳ ಮುಖದ ಭಾರಕ್ಕೆ ದೂರದವರೆಲ್ಲ ಒಬ್ಬೊಬ್ಬರಾಗಿ ಉದುರಿಹೋದರು. ಉಳಿದವರು ಹತ್ತಿರದವರು, ಒಳ್ಳೆಯ ಫೋನಿನವರು. ಅವರಿಗೆ ಮೂರು ಸೆಕೆಂಡು. ಪುಟ ಕೆಟ್ಟಷ್ಟೂ ಗ್ರಾಫು ಚೆಲುವಾಯಿತು.

ಅವನು ಆ ದಿನವೇ ಆ ಸಾಲನ್ನು ತಿದ್ದಿದ. ಪುಟ ಕೇಳಿದ ಕ್ಷಣವೇ ‘ಒಬ್ಬರು ಬಂದರು’ ಎಂದು ತಿಳಿಸು. ಹೋಗುವಾಗ, ಪುಟ ತೆರೆದಿರಲಿ ತೆರೆಯದಿರಲಿ, ‘ಹೋದರು, ಇಷ್ಟು ಹೊತ್ತು ಕಾದರು’ ಎಂದು ತಿಳಿಸು. ‘ಬಂದರು’ ಎಂಬುದಷ್ಟೇ ಇದ್ದು ‘ಹೋದರು’ ಎಂಬುದು ಬರದಿದ್ದರೆ, ಅವರನ್ನು ಮರೆಯಬೇಡ, ಬೇರೆಯಾಗಿ ಎಣಿಸು. ಸೋಮವಾರ ಹತ್ತು ಗಂಟೆ ಹತ್ತು ನಿಮಿಷಕ್ಕೆ ಲೆಕ್ಕ ಎದುರಿಗೆ ನಿಂತಿತು. ನೂರು ಮಂದಿ ಬಂದರೆ ಮೂವತ್ತೆಂಟು ಮಂದಿ ಪುಟ ಕಾಣದೆ ಹೋಗುತ್ತಿದ್ದರು. ಆ ಮೂವತ್ತೆಂಟು ಮಂದಿ ಇಷ್ಟು ದಿನವೂ ಅಲ್ಲೇ ಇದ್ದರು.

ಅವನು ಯಾರನ್ನೂ ಕೇಳಲಿಲ್ಲ. ಮಂತ್ರಿಗಳನ್ನು ಕಿತ್ತುಹಾಕಿದ. ಹೆಬ್ಬಾಗಿಲು ಹೋಯಿತು, ಮರಗೆಲಸ ಹೋಯಿತು. ಪುಟ ಮತ್ತೆ ಬೋಳಾಯಿತು. ಹತ್ತೂ ಕಾಲಿಗೆ, ಗುಡ್ಡದ ಆ ತಾಲೂಕಿನಿಂದ, ಅಂಥದೇ ಒಂದು ಹಳೆಯ ಫೋನಿನಿಂದ, ಒಂದು ಚುಕ್ಕಿ ಬಂತು. ನಾಲ್ಕು ಸೆಕೆಂಡು. ಹಸಿರು.

ಅವನು ಕುರ್ಚಿಯಿಂದ ಎದ್ದು ನಿಂತುಬಿಟ್ಟ. ಅವಳೇ ಅದು, ಅನುಮಾನವಿಲ್ಲ. ಅವನ ಕಣ್ಣು ತುಂಬಿ ಬಂತು. ಆ ದಿನ ಮಧ್ಯಾಹ್ನ ಅವನು ಹೊಟ್ಟೆ ತುಂಬ ಊಟ ಮಾಡಿದ. ಮೇಲಿನವರಿಂದ ನೋಟಿಸು ಬಂತು, ಮಂತ್ರಿಗಳ ಭಾವಚಿತ್ರ ತೆಗೆದದ್ದಕ್ಕೆ ವಿವರಣೆ ಕೊಡಿ ಎಂದು. ಅದನ್ನು ಮಡಿಸಿ ಜೇಬಿಗಿಟ್ಟುಕೊಂಡ.

ಗುರುವಾರ ಕೆಲಸವಿಲ್ಲದಿದ್ದರೂ ಸೆರೆಮನೆಯ ಬಾಗಿಲಿಗೆ ಹೋಗಿ ನಿಂತ. ಅವಳು ಒಳಗೆ ಹೋಗುವುದನ್ನು ಒಮ್ಮೆ ನೋಡಬೇಕಾಗಿತ್ತು, ಅಷ್ಟೆ. ಹತ್ತಾಯಿತು, ಹನ್ನೆರಡಾಯಿತು. ಅವಳು ಬರಲಿಲ್ಲ. ಮೂರು ಗಂಟೆಯ ಬಸ್ಸು ಹೋಯಿತು. ಆಗ ಅವನು ಒಳಗೆ ಹೋಗಿ ಅಧಿಕಾರಿಯನ್ನು ಕೇಳಿದ. ಅವರು ಪುಸ್ತಕ ತೆಗೆದು ನೋಡಿದರು.

ಹಿಂದಿನ ಗುರುವಾರ ಸಂಜೆ, ಬೆಂಚಿನಿಂದ ಎದ್ದ ಮೇಲೆ, ತಮ್ಮ ಸೆರೆಮನೆಯ ಗುಮಾಸ್ತನ ಬಳಿ ಹೋಗಿ ತನ್ನ ಪಟ್ಟಿಯಿಂದ ಅಕ್ಕನ ಹೆಸರನ್ನು ಹೊಡೆದುಹಾಕಿಸಿದ್ದ. ಸೋಮವಾರ ಬಂಡೆಯ ಮೇಲೆ ನಾಲ್ಕೇ ಸೆಕೆಂಡಿನಲ್ಲಿ ಪುಟ ತೆರೆಯಿತಲ್ಲ, ಅವಳು ಹೆಸರು ಬರೆದ ಮೇಲೆ ಅದು ಅವಳಿಗೆ ಹೇಳಿದ್ದು ಒಂದೇ ಮಾತು. ‘ಈ ಹೆಸರು ಪಟ್ಟಿಯಲ್ಲಿಲ್ಲ.’

ಎಂಜಿನಿಯರ್ ಅಧಿಕಾರಿಯ ಕಾಲು ಹಿಡಿಯುವುದೊಂದು ಬಾಕಿ. ನಡೆದದ್ದನ್ನೆಲ್ಲ ಹೇಳಿ, ತಮ್ಮನಿಗೆ ತಿಳಿಸಿ ಎಂದ. ಅಧಿಕಾರಿ ಒಳ್ಳೆಯವರು, ಆಗಲೇ ಒಳಗೆ ಹೋದರು. ತಿರುಗಿ ಬರುವಾಗ ಮುಖ ಸಪ್ಪಗಿತ್ತು.

“ಹೇಳ್ದೆ,” ಎಂದರು. “ನಂಬಲಿಲ್ಲ ಕಣ್ರೀ. ಸಮಾಧಾನಕ್ಕೆ ಹೇಳ್ತೀರಿ ಅಂದ. ‘ಗೋಡೆ ಮ್ಯಾಲೆ ಬರ್ದಿರೋದು ಸುಳ್ಳಾ, ಈಗ ನೀವು ಹೇಳ್ತಿರೋದು ಸುಳ್ಳಾ’ ಅಂತ ನನ್ನನ್ನೇ ಕೇಳ್ದ. ಮೂರು ಸೆಕೆಂಡೂ ಅವಳಿಗೆ ಇರಲಿಲ್ವಲ್ಲ ಸಾರ್ ಅಂದ. ನಾನೇನು ಹೇಳ್ಲಿ?”

ಗೋಡೆಯ ಮೇಲಿನ ಗ್ರಾಫನ್ನು ಎಂಜಿನಿಯರ್ ತನ್ನ ಕೈಯಾರೆ ಕಿತ್ತ. ಗೋಂದಿನ ಗುರುತು ಹೋಗಲಿಲ್ಲ. ಬೆಂಚಿನ ಎದುರಿಗೆ ಒಂದು ಬಿಳಿಯ ಚೌಕ ಉಳಿಯಿತು.

ಅಧಿಕಾರಿಯ ಪುಸ್ತಕದಿಂದ ವಿಳಾಸ ಪಡೆದು, ಮರುದಿನ ಗುಡ್ಡ ಹತ್ತಿದ. ಅಕ್ಕ ಮನೆಯ ಮುಂದೆ ರಾಗಿ ಕೇರುತ್ತಿದ್ದಳು. ಅವನು ಹೇಳಿದ್ದನ್ನೆಲ್ಲ ಕೇಳಿದಳು. ಅವಳು ಅಳಲಿಲ್ಲ, ಬಯ್ಯಲೂ ಇಲ್ಲ. ಅವನಿಗೆ ಅದಕ್ಕೇ ಬಹಳ ಸಂಕಟವಾಯಿತು. ಅವಳ ಪರವಾಗಿ ತಮ್ಮನಿಗೆ ಒಂದು ಕಾಗದ ಬರೆದುಕೊಡುತ್ತೇನೆ ಎಂದ. ಬರೀರಿ ಎಂದಳು. ಬರೆದ. ಹತ್ತು ದಿನಕ್ಕೆ ಕಾಗದ ಹಿಂದಕ್ಕೆ ಬಂತು. ಲಕೋಟೆಯ ಮೇಲೆ ಎಂಜಿನಿಯರನ ಅಕ್ಷರ ಇತ್ತು, ಅಕ್ಕನದಲ್ಲ. ತಮ್ಮ ಅದನ್ನು ಒಡೆದೂ ನೋಡದೆ ಬೇಡ ಎಂದಿದ್ದ.

ಹಿಂದೆ ಬಂದ ಕಾಗದ ಹಿಡಿದು ಅವನು ಎರಡನೆಯ ಸಲ ಗುಡ್ಡ ಹತ್ತಿದಾಗ ಅವಳು ಬಾಗಿಲಲ್ಲೇ ಕೂರಿಸಿ ನೀರು ಕೊಟ್ಟಳು.

“ನಾ ಇನ್ನು ಬಂಡೆ ಹತ್ತಕಿಲ್ಲ ಸ್ವಾಮಿ,” ಎಂದಳು. “ಹತ್ತಿದ್ರೆ ಅದೊಂದೇ ಮಾತ ಹೇಳ್ತದೆ. ಅದ ಓದಕಾಗಕಿಲ್ಲ ನನ್ಗೆ. ಅವ್ನಾಗಿ ನನ್ ಹೆಸ್ರ ತಿರ್ಗ ಬರ್ಸುದ್ರೆ, ಅವತ್ತು ನೀವೇ ಬಂದು ಹೇಳಿ.”

“ಹೇಳ್ತೀನಮ್ಮ,” ಎಂದ ಅವನು.

ಆ ಕೆಲಸದಲ್ಲಿ ಅವನು ಹೆಚ್ಚು ದಿನ ಉಳಿಯಲಿಲ್ಲ. ಅವನು ತಿದ್ದಿದ ಸಾಲು ಉಳಿಯಿತು. ಈಗಲೂ ಆ ಪುಟ ಬಂದವರನ್ನೂ ಹೋದವರನ್ನೂ ಸರಿಯಾಗಿ ಎಣಿಸುತ್ತದೆ. ದೂರದವರಿಗೂ ಬೇಗ ತೆರೆಯುತ್ತದೆ. ಎಷ್ಟೋ ಮಂದಿ ಅದರಿಂದ ತಮ್ಮವರನ್ನು ನೋಡಿದರು, ನೋಡುತ್ತಿದ್ದಾರೆ. ಅದು ಸಣ್ಣ ಮಾತಲ್ಲ. ಕತೆ ಇಷ್ಟೇ.

ಮೇಷ್ಟ್ರು ನಿಲ್ಲಿಸಿದರು. ಉಳಿದ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬಂದು ಬಾಗಿಲ ಬಳಿ ಚಪ್ಪಲಿ ಬಿಟ್ಟು, ಕತೆ ನಡೆಯುತ್ತಿರುವುದನ್ನು ಕಂಡು ಸದ್ದಿಲ್ಲದೆ ಕೂತಿದ್ದರು. ಸುಧಾಮಣಿ ಮಡಿಲಲ್ಲಿದ್ದ ಲ್ಯಾಪ್‌ಟಾಪಿನಲ್ಲಿ ತನ್ನ ಕಾನ್ಫಿಗ್ ಫೈಲನ್ನು ತೆರೆದು, ಕೊನೆಯ ಸಾಲಿನವರೆಗೆ ಓದಿದಳು. ಅವಳ ಮುಖ ಕೆಂಪಾಯಿತು. ಅವಳೂ ಅದನ್ನೇ ಬರೆದಿದ್ದಳು.

“ಇದನ್ನು ಇವತ್ತೇ ತಿದ್ದುತ್ತೇನೆ ಮೇಷ್ಟ್ರೇ,” ಎಂದಳು. “ತಿದ್ದಿದ ಮೇಲೆ ನಿಶ್ಚಿಂತೆಯಾಗಿ ಇರಬಹುದಲ್ಲವೇ? ಬರುವವರು, ಹೋಗುವವರು, ಕಾಯುವವರು, ಎಲ್ಲರೂ ಲೆಕ್ಕಕ್ಕೆ ಬಂದರಲ್ಲ?”

ಮೇಷ್ಟ್ರು ಗಡಿಯಾರ ನೋಡಿದರು. ಹತ್ತು ಗಂಟೆ. ಅವರು ಎದ್ದು ಕಿಟಕಿಯ ಬಳಿಗೆ ಹೋಗಲಿಲ್ಲ. ಕೂತಲ್ಲೇ ಜೇಬಿನಿಂದ ಫೋನು ತೆಗೆದು, ಒಂದು ಪುಟ ತೆರೆದು, ಕನ್ನಡಕವಿಲ್ಲದೆಯೇ ಒಂದು ನಂಬರನ್ನೂ ಒಂದು ಹೆಂಗಸಿನ ಹೆಸರನ್ನೂ ಬರೆದರು. ಬೆರಳುಗಳಿಗೆ ಆ ಅಕ್ಷರಗಳು ರೂಢಿಯಾಗಿದ್ದವು. ಮತ್ತೆ ಫೋನನ್ನು ಸುಧಾಮಣಿಯ ಕಡೆ ತಿರುಗಿಸಿ ಹಿಡಿದರು.

ಪುಟದ ಮೇಲೆ ಯಾವ ಚಿತ್ರವೂ ಇರಲಿಲ್ಲ. ನಡುವೆ ಒಂದೇ ಸಾಲು. ಅವಳು ಅದನ್ನು ಓದಿದಳು. ಈ ಹೆಸರು ಪಟ್ಟಿಯಲ್ಲಿಲ್ಲ.

“ಎಷ್ಟು ವರ್ಷದಿಂದ ಮೇಷ್ಟ್ರೇ?” ಎಂದು ಬಹಳ ಮೆಲ್ಲಗೆ ಕೇಳಿದಳು.

“ಒಂಬತ್ತು,” ಎಂದರು ಮೇಷ್ಟ್ರು. ಫೋನನ್ನು ಜೇಬಿಗಿಟ್ಟುಕೊಂಡರು. ಸುಧಾಮಣಿ ತನ್ನ ಗ್ರಾಫಿನ ಕಡೆ ನೋಡಲಾರದೆ ತಲೆ ತಗ್ಗಿಸಿದಳು.

“ಈಗ ಎರಡೇ ಸೆಕೆಂಡಿನಲ್ಲಿ ತೆರೆಯಿತು, ನೋಡಿದೆಯಲ್ಲ, ಅಲ್ಲಿ ಯಾರೋ ಇದನ್ನೂ ಒಂದು ಹಸಿರು ಚುಕ್ಕಿ ಎಂದು ಎಣಿಸಿಕೊಂಡರು.”